ಪಟ್ಟಿಯಲ್ಲಿಲ್ಲದ ಐದು

ಹದಿನೇಳನೆಯ ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದಾಗ ಒಳಗಿನಿಂದ ಏನು ಕೇಳಿಸಿತೆಂದು ತೋಂಟದಾರ್ಯನಿಗೇ ತಿಳಿಯಲಿಲ್ಲ. ಅಟ್ಟದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ತಲೆಗೆ ತಗಲುವ ತೊಲೆಯಿಂದ ತಪ್ಪಿಸಿಕೊಳ್ಳುತ್ತ, ವರ್ಷದಿಂದ ಒಣಗುತ್ತಿದ್ದ ಕಾಯಿಗಳನ್ನು ಒಂದೊಂದಾಗಿ ಅಲ್ಲಾಡಿಸುವುದು ಆ ಶನಿವಾರದ ಕೆಲಸ. ಕಾಲೇಜಿಗೆ ರಜೆ ಇತ್ತು, ಅಟ್ಟಕ್ಕೆ ರಜೆ ಇರಲಿಲ್ಲ. ಗುಳುಗುಳು ಎಂದರೆ ಒಳಗಿನ್ನೂ ನೀರಿದೆ, ಅಲ್ಲೇ ಇರಲಿ. ಲೊಡಲೊಡ ಎಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ, ಕೆಳಗೆ ಹೋಗಲಿ. ಹಾಲ್ಕುರಿಕೆಯಲ್ಲಿ ಹುಟ್ಟಿದ ಕೂಸಿಗೂ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ತಿಪಟೂರಿನಲ್ಲಿ ಗಣಿತ ಹೇಳುವ, ಹೋದ ಬೇಸಿಗೆಯಲ್ಲಿ ಬೆಂಗಳೂರಿಗೆ ಹೋಗಿ ಆರು ವಾರ ಕಂಪ್ಯೂಟರ್ ಕಲಿತು ಬಂದ, ಬಸ್ಸಿನಲ್ಲಿ ಯಾರಾದರೂ ಜಾಗ ಬಿಟ್ಟುಕೊಟ್ಟರೆ ಅದು ಆ ಆರು ವಾರಗಳ ಕಾರಣಕ್ಕೇ ಎಂದು ನಂಬಿದ್ದ ಈ ಮನುಷ್ಯನಿಗೆ, ಐದು ವಾರದಿಂದ ಯಾವ ಸದ್ದೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಕೆಳಗೆ ಏಣಿಯ ಬುಡದಲ್ಲಿ ಬುಟ್ಟಿ ಹಿಡಿದು ನಿಂತಿದ್ದ ಹೆಂಡತಿ ಗಿರಿಜಾಂಬಿಕೆ ಕತ್ತೆತ್ತಿದಳು.

"ಏನ್ರೀ, ಕಾಯಿ ಅಲ್ಲಾಡ್ಸಿ ಅಂದ್ರೆ ಅದರ ಹತ್ರ ಗುಟ್ಟು ಕೇಳ್ತಾ ಕೂತ್ರಲ್ಲ."

"ಇದು ಯಾವ ಕಡೆಗೆ ಅಂತ ಗೊತ್ತಾಗ್ತಿಲ್ಲ ಕಣೇ."

"ಗೊತ್ತಾಗ್ದೇ ಇದ್ರೆ ಪಕ್ಕಕ್ಕಿಡಿ. ಆಮೇಲೆ ಒಡೆದು ನೋಡಿದ್ರಾಯ್ತು. ಅದಕ್ಯಾಕೆ ಅಷ್ಟು ಯೋಚ್ನೆ?"

ಅವನ ಕೈ ಗಾಳಿಯಲ್ಲೇ ನಿಂತಿತು. ಪಕ್ಕಕ್ಕಿಡಿ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವಳು, ಸೆರಗಿಗೆ ಕೈ ಒರೆಸಿಕೊಳ್ಳುತ್ತ, ಅವನು ಬೆಂಗಳೂರಿನಲ್ಲಿ ಮಾಡದೆ ಬಿಟ್ಟದ್ದನ್ನು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದಳು. ಹೇಳಿದ್ದೇನೆಂದು ಅವಳಿಗೇ ಗೊತ್ತಿರಲಿಲ್ಲ. ಇದು ಅವಳ ದೊಡ್ಡ ದುರ್ಗುಣವೆಂದು ಅವನಿಗೆ ಎಷ್ಟೋ ಸಲ ಅನ್ನಿಸಿತ್ತು. ಅವನು ಮಾಡಿದ್ದರೂ ಎಷ್ಟು? ತೆಂಗಿನ ಗಣತಿಯ ಆಫೀಸಿನವರು ಮೂರು ಊರಿನ ಮರಗಳನ್ನು ಸಾಲುಸಾಲಾಗಿ ನಡೆದು ನೋಡಿಸಿ, ಒಂದು ಮರಕ್ಕೆ ಒಂದು ಕಾರ್ಡಿನಂತೆ ಬರೆಸಿದ್ದರು. ಕಾರ್ಡಿನ ಮೇಲೆ ಒಂದೇ ಅಂಕೆ. ಸೊನ್ನೆ ಎಂದರೆ ಸಸಿ, ಒಂದು ಎಂದರೆ ಫಲದ ಮರ, ಎರಡು ಗೊಡ್ಡು, ಮೂರು ಅಣಬೆ ರೋಗ, ನಾಲ್ಕು ಒಣಗಿದ್ದು. ಬೆಂಗಳೂರಿನ ಯಂತ್ರಕ್ಕೆ ಅಂಕೆ ಕೊಟ್ಟರೆ ಅದು ಮರದ ಬಗೆಯನ್ನು ಅಚ್ಚು ಹಾಕಬೇಕು. ಅವನು ಆಗಷ್ಟೇ ಕಲಿತಿದ್ದ ಸಿ ಎಂಬ ಭಾಷೆಯಲ್ಲಿ ಇದಕ್ಕೆಂದೇ ಒಂದು ಅನುಕೂಲವಿತ್ತು: ಬಗೆಗಳ ಹೆಸರುಗಳನ್ನು ಸಾಲಾಗಿ ಬರೆದು ಇವಿಷ್ಟೇ ಎಂದು ಬೇಲಿ ಹಾಕುವುದು, ಹೊರಗಿನಿಂದ ಬಂದ ಅಂಕೆಗೆ 'ನೀನು ಇನ್ನುಮೇಲೆ ಅಂಕೆಯಲ್ಲ, ಬಗೆ' ಎಂದು ಹೇಳುವುದು. ಹೇಳಿದರೆ ಸಾಕು, ಅದು ಒಪ್ಪಿಕೊಳ್ಳುತ್ತದೆ. ಆಫೀಸಿಗೆ ಈ ಪ್ರೋಗ್ರಾಮು ಬರೆಯಲು ಒಪ್ಪಿಕೊಂಡ ವಾರ ಊರಿಗೆ ಬಂದು ಇದನ್ನೆಲ್ಲ ಊಟದ ಹೊತ್ತಿನಲ್ಲಿ ವಿವರಿಸಿದಾಗ ಗಿರಿಜಾಂಬಿಕೆ, "ಎಣಿಸೋದು ಸೊನ್ನೆಯಿಂದಾನಾ? ಹಂಗಾರೆ ಈಗ ನೀವು ತಿಂದಿದ್ದು ಸೊನ್ನೆ ರೊಟ್ಟಿ" ಎಂದು ಇನ್ನೊಂದನ್ನು ಬಡಿಸಿದ್ದಳು. ಅವನು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತೆಂದು ಈಗ, ತೊಲೆಯ ಕೆಳಗೆ, ಅನ್ನಿಸುತ್ತಿತ್ತು. ಎಲ್ಲಿಯೋ ಒಂದು ಕಡೆ ನಕ್ಕಿದ್ದರೆ ಇನ್ನೊಂದು ಕಡೆ ಅಷ್ಟು ಗಟ್ಟಿಯಾಗಿ ನಗಿಸಬೇಕಾಗುತ್ತಿರಲಿಲ್ಲ.

ಎಲ್ಲರನ್ನೂ ನಗಿಸಿದ್ದು ದುರ್ಗಯ್ಯನನ್ನು ಆಡಿಕೊಂಡು. ದುರ್ಗಯ್ಯ ಅವನದೇ ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರು. ಪ್ರಿನ್ಸಿಪಾಲರು ಅದೇನು ನೆನೆಸಿಕೊಂಡರೋ, ಮೇಷ್ಟ್ರ ಜೊತೆ ಅವನನ್ನೂ ಬೆಂಗಳೂರಿಗೆ ಕಳಿಸಿದ್ದರು. ಒಂದೇ ಯಂತ್ರದ ಮುಂದೆ ಇಬ್ಬರೂ ಕೂರಬೇಕು. ಮೂರನೆಯ ವಾರ ತೋಂಟದಾರ್ಯ ಪ್ರೋಗ್ರಾಮು ಬರೆದು ಮುಗಿಸಿ, ಕೈಕಟ್ಟಿ ಹಿಂದಕ್ಕೆ ಒರಗಿದಾಗ, ದುರ್ಗಯ್ಯ ಪರದೆಯ ಹತ್ತಿರ ಮುಖ ತಂದು, "ಸಾರ್, ಐದು ಬಂದ್ರೆ?" ಎಂದು ಕೇಳಿದ. "ಪಟ್ಟಿಯಲ್ಲಿ ಇರೋದು ನಾಲ್ಕರವರೆಗೆ ದುರ್ಗಯ್ಯ." "ಅದು ನಮಗೆ ಗೊತ್ತು ಸಾರ್, ಕಾರ್ಡಿಗೆ ಗೊತ್ತಿರಬೇಕಲ್ಲ. ಬಗೆ ಅನ್ನೋಕೆ ಮುಂಚೆ ಒಂದ್ಸಲ ಕೇಳ್ಬಾರ್ದಾ, ನೀನು ನಾಲ್ಕರೊಳಗೆ ಇದ್ದೀಯಾ ಅಂತ?" ಆಗ ತೋಂಟದಾರ್ಯ ಸುತ್ತ ಕೂತಿದ್ದ ಬೇರೆ ಊರಿನ ಲೆಕ್ಚರರುಗಳಿಗೆಲ್ಲ ಕೇಳುವಂತೆ, "ಐದು ಎಲ್ಲಿಂದ ಬರುತ್ತಯ್ಯಾ, ಆಕಾಶದಿಂದ ಉದುರುತ್ತಾ?" ಎಂದ. ಎಲ್ಲರೂ ನಕ್ಕರು. ದುರ್ಗಯ್ಯನೂ ನಕ್ಕ. ನಕ್ಕು, ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿಕೊಂಡ. ಆ ಕನ್ನಡಕ ಒರೆಸುವುದಕ್ಕೆ ಅಷ್ಟು ಹೊತ್ತು ಬೇಕಾಗಿರಲಿಲ್ಲ.

ಐದು ಆಕಾಶದಿಂದ ಉದುರಲಿಲ್ಲ, ಹಾಲ್ಕುರಿಕೆಯ ಸುತ್ತಿನ ತೋಟಗಳಿಂದಲೇ ಬಂತು. ಇಲ್ಲಿಯ ಒಂದೊಂದು ತೋಟದಲ್ಲೂ ಒಂದು ಮೀಸಲು ಮರ ಇರುತ್ತದೆ. ಅದರ ಕಾಯಿ ದೇವರಿಗೆ. ಅದನ್ನು ಮಾರುವುದಿಲ್ಲ, ಸಾರಿಗೆ ಹಾಕುವುದಿಲ್ಲ, ನಮ್ಮದು ಎನ್ನುವುದಿಲ್ಲ. ಮರ ಎಷ್ಟಿವೆ ಎಂದು ಯಾರಾದರೂ ಕೇಳಿದರೆ ಅದೊಂದನ್ನು ಬಿಟ್ಟೇ ಹೇಳುವುದು. ಸೇರಿಸಿ ಹೇಳಿದರೆ ದೇವರದಕ್ಕೆ ಕೈ ಹಾಕಿದ ಹಾಗೆ. ಇದು ತೋಂಟದಾರ್ಯನಿಗೆ ಗೊತ್ತಿಲ್ಲದ್ದೇನಲ್ಲ. ಅವನ ಮನೆಯ ಮೀಸಲು ಮರ ಬಾವಿಯ ಬಲಕ್ಕಿದೆ, ಮೊನ್ನೆ ಸೋಮವಾರವೂ ಅದರ ಕಾಯಿಯನ್ನೇ ಒಡೆದದ್ದು. ಆದರೆ ಬೆಂಗಳೂರಿನಲ್ಲಿ ಯಂತ್ರದ ಮುಂದೆ ಕೂತಾಗ ಆ ಮರ ನೆನಪಿಗೆ ಬರಲಿಲ್ಲ. ಅಲ್ಲಿ ನೆನೆಯುವುದು ಮರ್ಯಾದೆಯಲ್ಲ ಎನ್ನಿಸಿತ್ತೋ ಏನೋ. ಕಾರ್ಡು ಬರೆಯಲು ಬಂದ ಸುವರ್ಣಮ್ಮನಿಗೆ ಮಾತ್ರ ಪ್ರತಿ ತೋಟದಲ್ಲೂ ಇದೇ ಕಷ್ಟ. ಮರ ಬಿಡುವ ಹಾಗಿಲ್ಲ ಎಂದು ಆಫೀಸು, ಅದನ್ನು ನಮ್ಮ ಲೆಕ್ಕಕ್ಕೆ ಬರೀಬೇಡಮ್ಮ ಎಂದು ಮನೆಯವರು. ಅವಳು ಮರವನ್ನೂ ಬಿಡಲಿಲ್ಲ, ಮನೆಯವರ ಮಾತನ್ನೂ ಮೀರಲಿಲ್ಲ. ಐದು ಎಂದು ಬರೆದಳು. ನಲವತ್ತೊಂದು ಕಾರ್ಡು.

ಸೊನ್ನೆಯಿಂದ ಎಣಿಸುವ ಯಂತ್ರಕ್ಕೆ ಐದು ಎಂದರೆ ಆರನೆಯದು. ಐದು ಬಟ್ಟಲಿನ ಒಗ್ಗರಣೆ ಡಬ್ಬಿಯಲ್ಲಿ ಕಣ್ಣು ಮುಚ್ಚಿ ಆರನೆಯ ಬಟ್ಟಲಿಗೆ ಕೈ ಹಾಕಿದರೆ, ಕೈ ಡಬ್ಬಿಯನ್ನು ದಾಟಿ ಪಕ್ಕದಲ್ಲಿ ಪಾತ್ರೆ ಬೆಳಗಲು ಇಟ್ಟ ಬೂದಿಗೆ ಬೀಳುತ್ತದೆ. ಮನುಷ್ಯನಾದರೆ ಥೂ ಬೂದಿ ಎನ್ನುತ್ತಾನೆ. ಯಂತ್ರ ಅದನ್ನೇ ಸಾರಿಗೆ ಹಾಕಿ ಮುಂದಕ್ಕೆ ಹೋಗುತ್ತದೆ. ಅವನ ಪ್ರೋಗ್ರಾಮಿನಲ್ಲಿ ಬಗೆಗಳ ಹೆಸರು ಮುಗಿದ ಬೆನ್ನಿಗೇ ಇನ್ನೊಂದು ಪಟ್ಟಿ ಇತ್ತು, ಯಾವ ಮರಕ್ಕೆ ಏನು ಮಾಡಬೇಕೆಂಬ ಅಪ್ಪಣೆಗಳದ್ದು. ಅದರ ಮೊದಲನೆಯದು 'ಕೂಡಲೇ ಕಡಿಯತಕ್ಕದ್ದು'. ಐದು ಹೋಗಿ ಅದರ ಮೇಲೆ ಕೂತಿತು. ಹೀಗೆ ಮೂರು ಊರಿನ ದೇವರುಗಳ ನಲವತ್ತೊಂದು ಮರಗಳಿಗೂ ಒಂದೇ ದಿನ ಅಪ್ಪಣೆಯಾಯಿತು. ಗರಗಸ ಹಿಡಿದು ಬಂದವರನ್ನು ಮೊದಲನೆಯ ತೋಟದಲ್ಲೇ ಮುದುಕ ಕಾಡಸಿದ್ದಪ್ಪ ತಡೆದು, ಮರದ ಬುಡದಲ್ಲಿ ಚಾಪೆ ಹಾಸಿಕೊಂಡು ಕೂತು, "ಅಲ್ಲ ಕಣ್ರಪ್ಪಾ, ಆ ಕಂಪೂಟ್ರಿಗೆ ನಮ್ಮ ದ್ಯಾವ್ರು ಏನ್ ಮಾಡಿದ್ದ? ಕರ್ಕೊಂಡ್ ಬನ್ನಿ ಅದನ್ನ, ಮಾತಾಡ್ಸನ" ಎಂದನಂತೆ. ಊರೆಲ್ಲ ನಕ್ಕಿತು. ಒಂದು ಮರವೂ ಬೀಳಲಿಲ್ಲ. ಪಟ್ಟಿ ವಾಪಸು ಹೋಯಿತು. ಅದೇ ದಿನ ತೋಂಟದಾರ್ಯ ತನ್ನ ಪ್ರೋಗ್ರಾಮಿನ ಹಾಳೆ ಬಿಡಿಸಿ ನೋಡಿದ. ಮುಂದಿಟ್ಟ ಕಾಫಿ ಆರುವುದರೊಳಗೆ ತಪ್ಪು ಕಣ್ಣಿಗೆ ಬಿತ್ತು. ಹಾಳೆ ಮಡಿಸಿಟ್ಟು, ಆರಿದ ಕಾಫಿಯನ್ನು ಕುಡಿದ. ಮರುದಿನ ಸ್ಟಾಫ್ ರೂಮಿಗೆ ಟೀ ತಂದ ದುರ್ಗಯ್ಯ ಲೋಟ ಇಟ್ಟು, "ಐದು ಬಂತಂತೆ ಸಾರ್" ಎಂದ. ಅಷ್ಟೇ. ದನಿಯಲ್ಲಿ ಕುಹಕವಿದ್ದಿದ್ದರೆ ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು.

ಆಮೇಲೆ ಆಫೀಸಿನ ಕಾಗದ ಬಂತು. ತಪ್ಪು ಅಂಕೆ ಬರೆದಲ್ಲಿ ಆಗಿದೆಯೋ ಅಥವಾ ಅಂಕೆಯನ್ನು ಬಗೆಯಾಗಿ ಬದಲಿಸುವಲ್ಲಿ ಆಗಿದೆಯೋ ತಾವು ತಿಳಿಸುವುದು. ಅಲ್ಲಿಯವರೆಗೆ ಕಾರ್ಡು ಬರೆದ ಸುವರ್ಣಮ್ಮ ಎಂಬುವರನ್ನು ಕೆಲಸದಿಂದ ದೂರ ಇಡಲಾಗಿದೆ. ಹುಳಿಯಾರು ಕಡೆಯ ಗಣತಿ ಶುರುವಾಗುವುದರೊಳಗೆ ತಮ್ಮ ಉತ್ತರ ಬಾರದಿದ್ದರೆ ಅವರ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳಲಾಗುವುದು. ಐದು ವಾರದಲ್ಲಿ ತೋಂಟದಾರ್ಯ ಮೂರು ಉತ್ತರ ಬರೆದಿದ್ದ. ಮೊದಲನೆಯದರಲ್ಲಿ ಒಂದೇ ವಾಕ್ಯ: ಪಟ್ಟಿಯಲ್ಲಿ ಸೊನ್ನೆಯಿಂದ ನಾಲ್ಕರವರೆಗೆ ಮಾತ್ರ ಅಂಕೆಗಳಿದ್ದವೆಂದು ತಿಳಿಸಲು ಹರ್ಷಿಸುತ್ತೇನೆ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹರ್ಷಿಸುತ್ತೇನೆ ಎಂಬುದನ್ನು ಹೊಡೆದುಹಾಕಿದ ಮೇಲಂತೂ ಅಪ್ಪಟ ಸತ್ಯ. ಆದರೂ ಅದನ್ನು ಅಂಟಿಸುವುದಕ್ಕಾಗಲಿಲ್ಲ. ಎರಡನೆಯದು ಸೊನ್ನೆ ಹುಟ್ಟಿದ ಕಾಲದಿಂದ ಆರಂಭವಾಗಿ ಎರಡೂವರೆ ಪುಟ ನಡೆದು, ತೆಂಗಿನ ಮರಕ್ಕೆ ಬರುವ ಮೊದಲೇ ಸುಸ್ತಾಗಿ ನಿಂತಿತ್ತು. ಮೂರನೆಯದರಲ್ಲಿ 'ಮಾನ್ಯರೇ' ಎಂದಷ್ಟೇ ಇತ್ತು. ಮೂರರಲ್ಲೂ ಪ್ರಾಮಾಣಿಕವಾದದ್ದು ಅದೊಂದೇ.

"ಅಕ್ಕಾ, ಇದ್ದೀರಾ?" ಎಂಬ ದನಿ ಬಾಗಿಲಲ್ಲಿ ಕೇಳಿ, ಅವನು ಅಟ್ಟದ ಮೇಲೆ ಇನ್ನಷ್ಟು ಒಳಕ್ಕೆ ಸರಿದ. ಸುವರ್ಣಮ್ಮ. ಗಂಡಸೊಬ್ಬ ತನ್ನ ಮನೆಯ ಅಟ್ಟದಲ್ಲಿ ಕಾಯಿಯ ರಾಶಿಯ ಹಿಂದೆ ಬಚ್ಚಿಟ್ಟುಕೊಂಡರೆ ಮೇಲೆ ಧೂಳಿದ್ದೇ ಇರುತ್ತದೆ. ಸೀನು ಬಂತು. ತಡೆದ. ಇನ್ನೊಂದು ಬಂತು.

"ಮೇಲವ್ರೆ," ಎಂದಳು ಗಿರಿಜಾಂಬಿಕೆ. "ಇಳೀರಿ, ಸುವರ್ಣ ಬಂದವಳೆ. ಮಜ್ಜಿಗೆ ಮಾಡ್ತೀನಿ."

ಅವನು ಇಳಿದು, ಬನಿಯನ್ನಿನ ಜೇಡರ ಬಲೆ ಕೊಡವಿಕೊಂಡು, ಜಗಲಿಯ ಮೇಲೆ ಕೂತ. ಸುವರ್ಣಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಮೂವತ್ತು ದಾಟಿರಲಿಕ್ಕಿಲ್ಲ. ತೋಟ ತೋಟ ತಿರುಗಿದಾಗ ಸೀರೆಗೆ ಅಂಟಿದ ಮುಳ್ಳುಗಳನ್ನು ಈಗಲೂ ಕೀಳುತ್ತಿರುವವಳಂತೆ ಸೆರಗಿನಂಚನ್ನು ಬೆರಳಲ್ಲಿ ನೋಡಿಕೊಳ್ಳುತ್ತಿದ್ದಳು. ಅವಳು ಜಗಳವಾಡಲು ಬಂದಿರಲಿ ಎಂದು ಅವನು ಬಲವಾಗಿ ಆಸೆಪಟ್ಟ. ಜಗಳಕ್ಕೆ ಅವನ ಬಳಿ ಉತ್ತರಗಳಿದ್ದವು. ಇದು ಅಂತರರಾಷ್ಟ್ರೀಯ ಮಟ್ಟದ ಸಮಸ್ಯೆ ಎಂಬುದೂ ಅವುಗಳಲ್ಲೊಂದು.

"ಒಂದು ಕೇಳಾಣಾಂತ ಬಂದೆ ಸಾರ್," ಎಂದಳು. "ಬುಧವಾರ ಹುಳಿಯಾರು ಕಡೆಗೆ ಹೋಗೋರ ಹೆಸರು ಹಾಕ್ತಾರಂತೆ. ನಿಮ್ಮ ಕಾಗದ ಬಂದಿಲ್ವಂತೆ. ನಂದೇ ತಪ್ಪು ಅಂತ ಬರ್ದ್ಬುಡಿ ಸಾರ್."

"ಯಾಕೆ?" ಎಂದ.

"ಯಾಕೇಂದ್ರೆ ನಾನೇ ಅಲ್ವಾ ಐದು ಅಂತ ಕಟ್ಟಿದ್ದು. ಅವರು ಕೊಟ್ಟ ಪಟ್ಟೀಲಿ ಇರಲಿಲ್ಲ. ಊರೋರು ಕೇಳ್ತಾರೆ, ಏನಮ್ಮ ನಿನ್ನ ಕೆಲಸ ಹೋಯ್ತಾ ಅಂತ. ಗೊತ್ತಿಲ್ಲ ಅಂತೀನಿ. ತಪ್ಪು ಮಾಡಿದ್ಯಾ ಅಂತಾರೆ. ಅದೂ ಗೊತ್ತಿಲ್ಲ ಅಂತೀನಿ. ಐದು ವಾರ ಆಯ್ತು ಸಾರ್, ಯಾವ ಲೆಕ್ಕಕ್ಕೂ ಇಲ್ದಂಗೆ ಕೂತಿದ್ದೀನಿ. ತಪ್ಪಾದ್ರೂ ಆಗ್ಲಿ, ಒಂದು ಅಂತ ಆದ್ರೆ, ಹೊಲಿಗೆ ಮಿಷನ್ನಾದ್ರೂ ನೋಡ್ಕೊಂತೀನಿ."

ಅವಳು ಚೀಲದಿಂದ ಒಂದು ಕಾರ್ಡು ತೆಗೆದು ಚಾಪೆಯ ಮೇಲಿಟ್ಟಳು, ತನ್ನಲ್ಲಿ ಉಳಿದಿದ್ದ ನಕಲಂತೆ. ಮುಂದೆ ಒಂದು ದುಂಡನೆಯ ಐದು. ಅವನು ಸುಮ್ಮನೆ ತಿರುಗಿಸಿ ನೋಡಿದ. ಹಿಂದೆ ಅದೇ ದುಂಡನೆಯ ಅಕ್ಷರದಲ್ಲಿ ಬರೆದಿತ್ತು: 'ಐದು ಅಂದರೆ ದೇವರ ಮೀಸಲು ಮರ. ಮನೆಯವರು ತಮ್ಮ ಲೆಕ್ಕಕ್ಕೆ ಬೇಡ ಅಂದರು. ಏನು ಮಾಡಬೇಕು ಎಂದು ದೊಡ್ಡವರು ತಿಳಿಸಬೇಕು.' ನಲವತ್ತೊಂದು ಕಾರ್ಡಿನ ಹಿಂದೆಯೂ ಹೀಗೇ ಬರೆದೆಯಾ ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ. ಈ ಅಕ್ಷರ ಬರೆದವಳು ನಲವತ್ತರಲ್ಲಿ ಬರೆದು ಒಂದರಲ್ಲಿ ಬಿಡುವವಳಲ್ಲ. ಕೇಳಿದ್ದಳು, ದೊಡ್ಡವರು ತಿಳಿಸಬೇಕು ಎಂದು. ಯಂತ್ರಕ್ಕೆ ಅಂಕೆ ತುಂಬಿದವರು ಕಾರ್ಡಿನ ಬೆನ್ನು ನೋಡಿರಲಿಲ್ಲ, ಅದು ಅವರ ಕೆಲಸವೂ ಅಲ್ಲ. ನೋಡಬೇಕಾದ ಜಾಗದಲ್ಲಿ ಅವನಿದ್ದ. ನಾಲ್ಕರ ಮೇಲೆ ಬಂದದ್ದನ್ನು ಪಕ್ಕಕ್ಕಿಡು ಎಂದು ಒಂದು ಸಾಲು ಬರೆದಿದ್ದರೆ ನಲವತ್ತೊಂದು ಕಾರ್ಡೂ ಮೇಜಿನ ಮೇಲೆ ಬಂದು ಕೂರುತ್ತಿದ್ದವು, ಯಾರಾದರೂ ತಿರುಗಿಸಿ ನೋಡುತ್ತಿದ್ದರು.

"ಹಾಗಲ್ಲ ಸುವರ್ಣಮ್ಮ," ಎಂದು ಶುರುಮಾಡಿದ. "ಇದರಲ್ಲಿ ಏನಾಗುತ್ತದೆ ಎಂದರೆ, ಭಾಷೆಯೇ ಹಾಗಿದೆ. ಅಂಕೆಯನ್ನು ಬಗೆ ಎಂದು ಕರೆದಾಗ, ಅದರ ಎಲ್ಲೆಯನ್ನು ಪರೀಕ್ಷಿಸುವ ಹೊಣೆಯನ್ನು ಭಾಷೆ ತಾನು ಹೊರುವುದಿಲ್ಲ. ಆದ್ದರಿಂದ ನೆನಪಿನ ಕೋಶಗಳಲ್ಲಿ, ಅಂದರೆ..."

ಮಜ್ಜಿಗೆ ಲೋಟ ಹಿಡಿದು ನಿಂತಿದ್ದ ಗಿರಿಜಾಂಬಿಕೆ, "ಒಂದೇ ಸಾಲಲ್ಲಿ ಹೇಳ್ರೀ, ಮಜ್ಜಿಗೆ ಬಿಸಿಯಾಗ್ತದೆ" ಎಂದಳು.

ಅವನು ಕಾರ್ಡನ್ನು ನೋಡಿದ. ಕಂಬ ನೋಡಿದ. "ತಪ್ಪು ನಂದು," ಎಂದ.

ಸುವರ್ಣಮ್ಮ ಸೆರಗಿನಂಚು ಬಿಟ್ಟು ಅವನನ್ನೇ ನೋಡಿದಳು. "ಯಾವಾಗ ಗೊತ್ತಾಯ್ತು ಸಾರ್?"

"ಅವತ್ತೇ."

"ಅಂದ್ರೆ ಈ ಐದು ವಾರಾನೂ ಗೊತ್ತಿತ್ತು."

"ಗೊತ್ತಿತ್ತು."

ಅವಳು ಮಜ್ಜಿಗೆಯನ್ನು ಪೂರ್ತಿ ಕುಡಿದಳು. ನಡುವೆ ನಿಲ್ಲಿಸಲಿಲ್ಲ. ಲೋಟ ಕೆಳಗಿಟ್ಟು, ಗಿರಿಜಾಂಬಿಕೆಗೆ, "ಕೊತ್ತಂಬರಿ ಹಾಕಿದ್ದೀರಾ, ಚೆನ್ನಾಗೈತಕ್ಕಾ" ಎಂದಳು. ಕಾರ್ಡನ್ನು ಅಲ್ಲೇ ಬಿಟ್ಟು ಎದ್ದು ಹೊರಟಳು. ಬೈದಿದ್ದರೆ, ಅಳುತ್ತ ಹೋಗಿದ್ದರೆ, ಬಾಗಿಲಲ್ಲಿ ನಿಂತು ತಿರುಗಿ ನೋಡಿದ್ದರೂ ಸಾಕಿತ್ತು. ತನಗೆ ಒಂದು ಶಿಕ್ಷೆಯನ್ನೂ ಕೊಡದೆ ಹೋದಳಲ್ಲ ಎಂದು ಅವನಿಗೆ ಅವಳ ಮೇಲೆ ಸಣ್ಣ ಅಸಮಾಧಾನವೂ ಆಯಿತು, ಆ ಅಸಮಾಧಾನಕ್ಕೆ ನಾಚಿಕೆಯೂ ಆಯಿತು. ಗಿರಿಜಾಂಬಿಕೆ ಲೋಟ ಎತ್ತಿಕೊಂಡು ಒಳಗೆ ಹೋದಳು. ಒಳಗೆ ಪಾತ್ರೆ ಇಡುವ ಸದ್ದು ದಿನಕ್ಕಿಂತ ಒಂದು ತೂಕ ಹೆಚ್ಚಿತ್ತು.

ನಾಲ್ಕನೆಯ ಉತ್ತರ ಕಾಲು ಗಂಟೆಯಲ್ಲಿ ಮುಗಿಯಿತು. ತಪ್ಪು ನನ್ನ ಪ್ರೋಗ್ರಾಮಿನದು. ಅಂಕೆಯನ್ನು ಬಗೆಯಾಗಿ ಬದಲಿಸುವ ಮೊದಲು ಅದು ಪಟ್ಟಿಯೊಳಗಿದೆಯೇ ಎಂದು ನಾನು ಪರೀಕ್ಷಿಸಲಿಲ್ಲ. ಶ್ರೀಮತಿ ಸುವರ್ಣಮ್ಮನವರು ಪ್ರತಿ ಕಾರ್ಡಿನ ಹಿಂದೆ ವಿವರ ಬರೆದಿದ್ದಾರೆ, ದಯವಿಟ್ಟು ನೋಡುವುದು. ಹುಳಿಯಾರಿನ ಗಣತಿಗೆ ಅವರಿಗಿಂತ ತಕ್ಕವರಿಲ್ಲ. ಸಹಿ ಹಾಕಿ, ಲಕೋಟೆಗೆ ಹಾಕಿ, ನಾಲಿಗೆಯಿಂದ ಅಂಟು ಸವರಿ ಮುಚ್ಚಿದ. ಅಂಗಿ ಹಾಕಿಕೊಂಡು ಬೀದಿಗಿಳಿದವನಿಗೆ ಮೈ ಹಗುರವಾದಂತೆ, ತಾನು ಎಷ್ಟು ದೊಡ್ಡ ಮನಸ್ಸಿನವನು ಎಂದು ಬಿಸಿಲೂ ಮೆಚ್ಚಿಕೊಂಡಂತೆ ಅನ್ನಿಸಿತು. ತಪ್ಪೊಪ್ಪಿಗೆಯ ಕಾಗದವನ್ನು ಆಫೀಸಿನವರು ಓದಿ ಒಬ್ಬರಿಗೊಬ್ಬರು ತೋರಿಸುವುದನ್ನು ಮಠದ ಮುಂದಿನ ಬೇವಿನ ಮರದವರೆಗೂ ಕಲ್ಪಿಸಿಕೊಂಡು ನಡೆದ. ಎಂಥಾ ಮನುಷ್ಯ, ತಾನೇ ಕಂಡುಹಿಡಿದು ತಾನೇ ಒಪ್ಪಿಕೊಂಡಿದ್ದಾನೆ. ತಾನೇ ಕಂಡುಹಿಡಿದು. ಬೇವಿನ ಮರದ ನೆರಳು ಮುಗಿದ ಕಡೆ ಅವನ ಹೆಜ್ಜೆ ಸಣ್ಣದಾಯಿತು. ಅಂಗಿಯ ಚುಂಗಿಗೆ ಕನ್ನಡಕ ಒರೆಸಿಕೊಳ್ಳುತ್ತಿದ್ದ ಒಂದು ಕೈ ನೆನಪಿಗೆ ಬಂತು, ಆ ಒರೆಸುವುದು ಮುಗಿಯದೇ ಇದ್ದದ್ದೂ. ತಪ್ಪು ಒಪ್ಪಿಕೊಳ್ಳುವುದರಲ್ಲಿ ಒಂದು ಠೀವಿ ಇದೆ. ಲ್ಯಾಬಿನ ಅಟೆಂಡರು ಮೊದಲೇ ಹೇಳಿದ್ದ, ನಾನು ನಾಲ್ಕು ಜನರನ್ನು ನಗಿಸಿ ಅವನ ಬಾಯಿ ಮುಚ್ಚಿಸಿದೆ ಎನ್ನುವುದರಲ್ಲಿ ಯಾವ ಠೀವಿಯೂ ಇಲ್ಲ. ಅದನ್ನು ಬರೆಯದಿದ್ದರೂ ಸುವರ್ಣಮ್ಮನ ಕೆಲಸ ಉಳಿಯುತ್ತದೆ. ಯಾರೂ ಕೇಳಿಲ್ಲ. ಆಫೀಸಿನ ಕಾಗದದಲ್ಲಿ ಆ ಪ್ರಶ್ನೆಯೇ ಇಲ್ಲ. ಅಂಚೆ ಮನೆ ತಲುಪುವವರೆಗೂ ಅವನು ಈ ಕಾರಣಗಳನ್ನು ಒಂದೊಂದಾಗಿ ಎಣಿಸಿಕೊಂಡ. ಎಲ್ಲ ಕಾರಣಗಳೂ ಗಟ್ಟಿಯಾಗಿದ್ದವು, ಒಂದೂ ಮನಸ್ಸಿಗೆ ಹಿಡಿಸಲಿಲ್ಲ.

ಅಂಚೆ ಮನೆಯೆಂದರೆ ಹುಚ್ಚರಂಗಯ್ಯನ ಮನೆಯ ಪಡಸಾಲೆ. ಅವನು ಊಟ ಮುಗಿಸಿ, ಮೂರು ಗಂಟೆಯ ಬಸ್ಸಿಗೆ ಕೊಡಬೇಕಾದ ಟಪಾಲು ಚೀಲದ ಬಾಯಿಗೆ ದಾರ ಹುಡುಕುತ್ತಿದ್ದ. ಕಳೆದ ಐದು ವಾರದಲ್ಲಿ ತೋಂಟದಾರ್ಯ ಎರಡು ಸಲ ಬಂದು, ಸ್ಟಾಂಪು ಕೊಂಡು, ಊರಿನ ಮಳೆ ಬೆಳೆ ವಿಚಾರಿಸಿ ವಾಪಸು ಹೋಗಿದ್ದನ್ನು ಅವನು ಮರೆತಿರಲಿಲ್ಲ.

"ಬನ್ನಿ ಮೇಷ್ಟ್ರೇ. ಈವತ್ತೂ ಬರೀ ಸ್ಟಾಂಪಾ? ಎಷ್ಟಾಯ್ತು ನಿಮ್ಮ ಹತ್ರ, ಅಂಗಡಿ ಇಡಬೌದಾ?"

"ರಿಜಿಸ್ಟರ್ ಮಾಡಬೇಕು," ಎಂದು ತೋಂಟದಾರ್ಯ ಲಕೋಟೆಯನ್ನು ಮೇಜಿನ ಮೇಲಿಟ್ಟ. ಹುಚ್ಚರಂಗಯ್ಯ ಕೈ ಚಾಚುವಷ್ಟರಲ್ಲಿ ಮತ್ತೆ ತೆಗೆದುಕೊಂಡ. "ಒಂದು ನಿಮಿಷ. ಪೆನ್ನು ಕೊಡಿ."

ಅಂಟಿದ್ದ ಲಕೋಟೆಯನ್ನು ಅವನು ಹರಿದೇ ತೆಗೆಯಬೇಕಾಯಿತು. ನಿಂತುಕೊಂಡೇ, ಸಹಿಯ ಕೆಳಗೆ ಉಳಿದಿದ್ದ ಜಾಗದಲ್ಲಿ, ಅಂಚೆ ಮನೆಯ ಕೆರೆಯುವ ಪೆನ್ನಿನಲ್ಲಿ ಬರೆದ: 'ಹೀಗಾಗಬಹುದೆಂದು ನಮ್ಮ ಲ್ಯಾಬಿನ ಶ್ರೀ ದುರ್ಗಯ್ಯನವರು ಆಗಲೇ ನನಗೆ ಹೇಳಿದ್ದರು. ನಾನು ಅವರನ್ನು ಗೇಲಿ ಮಾಡಿದೆ. ಇನ್ನು ಮುಂದೆ ಪ್ರೋಗ್ರಾಮನ್ನು ತಿದ್ದುವಾಗ ಅವರನ್ನು ಕೇಳುವುದು ಒಳ್ಳೆಯದು.' ಗೇಲಿ ಎಂಬ ಮಾತನ್ನು ಬರೆಯುವಾಗ ಪೆನ್ನು ಒಮ್ಮೆ ನಿಂತಿತು, ಮಸಿಯ ದೋಷವಿರಬೇಕು. ಕೊಡವಿ ಮತ್ತೆ ಬರೆದ.

"ಹರಿದೋಯ್ತಲ್ಲ ಸಾಮಿ ಕವರ್ರು," ಎಂದ ಹುಚ್ಚರಂಗಯ್ಯ. "ಅಂಟು ಬೇರೆ ಮುಗಿದೈತೆ. ಲೇ ಬೋರಮ್ಮಾ, ಎರಡಗುಳು ಅನ್ನ ತಗಂಬಾ." ಅವನ ಹೆಂಡತಿ ಬೋರಮ್ಮ ಒಳಗಿನಿಂದ ತಂದುಕೊಟ್ಟ ಅಗುಳನ್ನು ಹೆಬ್ಬೆರಳಲ್ಲಿ ಹಿಸುಕಿ ಹರುಕಿನ ಮೇಲೆ ಬಳಿದ, ಒತ್ತಿದ, ಊದಿದ. ರಸೀತಿ ಬರೆದ. ಮುದ್ರೆಯನ್ನು ಎರಡು ಸಲ ಪ್ಯಾಡಿಗೆ ಬಡಿದು ಒಂದು ಸಲ ಲಕೋಟೆಗೆ ಬಡಿದ. ಬೀದಿಯ ತುದಿಯಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಹುಚ್ಚರಂಗಯ್ಯ ಲಕೋಟೆಯನ್ನು ಚೀಲದೊಳಗೆ ಬಿಟ್ಟು, ದಾರ ಬಿಗಿದು, ಪಂಚೆ ಎತ್ತಿ ಕಟ್ಟಿಕೊಂಡು ಓಡಿದ. ತೋಂಟದಾರ್ಯ ಪಡಸಾಲೆಯಿಂದಲೇ ನೋಡಿದ. ಚೀಲ ಕಿಟಕಿಯಲ್ಲಿ ಒಳಗೆ ಹೋಯಿತು, ಕಂಡಕ್ಟರು ಅದನ್ನು ಕಾಲ ಹತ್ತಿರ ಹಾಕಿಕೊಂಡ, ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ಸೋಮವಾರ ಬೆಳಿಗ್ಗೆ ಲ್ಯಾಬಿನ ಬಾಗಿಲಲ್ಲಿ ನಿಂತು ದುರ್ಗಯ್ಯನಿಗೆ ಏನು ಹೇಳಬೇಕೆಂದು ಯೋಚಿಸಿದ. ಧೂಳು ಇಳಿದ ಮೇಲೂ ಅಲ್ಲೇ ನಿಂತಿದ್ದ.

ಏದುಸಿರು ಬಿಡುತ್ತ ವಾಪಸಾದ ಹುಚ್ಚರಂಗಯ್ಯ ಅವನನ್ನು ಮೇಲಿಂದ ಕೆಳಗೆ ನೋಡಿದ. "ಏನ್ ಮೇಷ್ಟ್ರೇ, ಯಾರಾದ್ರೂ ತೀರ್ಕೊಂಡ್ರಾ?"

"ಇಲ್ಲವಲ್ಲ."

"ಮತ್ಯಾಕೆ ಹಂಗೆ ನಿಂತಿದ್ದೀರಾ? ಕಾಗದ ಹೋಯ್ತು ಕಣ್ರೀ. ಮನೆಗೋಗಿ ಉಣ್ಣೋಗಿ."